ಅಂಚು ನೋಡಿ ವಯಸ್ಸು ಹೇಳುವುದು

ಹಳೆಯ ಉಡುಪಿನ ಬಟ್ಟೆಗಳನ್ನು ಕೂಡಿಡುವ ನನ್ನ ಹುಚ್ಚು ಶುರುವಾದದ್ದು ಒಂದು ಮೋಸದಿಂದ. ಮೋಸ ಮಾಡಿದ್ದು ನನ್ನ ಕಣ್ಣೇ. ಸಣ್ಣ ಹೂಬಳ್ಳಿಯ ಅಚ್ಚು, ಮಾಸಿದ ಹಸಿರು ನೆಲ, ಯಾರೋ ಫ್ರಾಕಿಗೆಂದು ತಂದು ಹೊಲಿಯದೇ ಬಿಟ್ಟ ಮೂರು ಗಜ. ನೋಡಿದ ಕೂಡಲೇ 1930ರ ದಶಕದ್ದು ಎಂದು ತೀರ್ಮಾನಿಸಿಬಿಟ್ಟೆ. ಮನೆಗೆ ತಂದು ಬಿಸಿ ಇಸ್ತ್ರಿ ಇಟ್ಟೆ. ಬಟ್ಟೆ ಮುದುಡಿ ಇಸ್ತ್ರಿಯ ತಳಕ್ಕೆ ಅಂಟಿಕೊಂಡಿತು. ಅದು ಪಾಲಿಯೆಸ್ಟರ್. ಪಾಲಿಯೆಸ್ಟರ್ ನೂಲಿಗೆ ಪೇಟೆಂಟ್ ಅರ್ಜಿ ಬಿದ್ದದ್ದೇ 1941ರಲ್ಲಿ, ಅಂಗಡಿಗೆ ಅದು ಬಂದದ್ದು ಐವತ್ತರ ದಶಕದಲ್ಲಿ. ಎಪ್ಪತ್ತರ ದಶಕದ ಫ್ಯಾಷನ್ ಮೂವತ್ತರ ದಶಕದ ಹೂವುಗಳನ್ನು ಮತ್ತೆ ಅಚ್ಚು ಹಾಕಿತ್ತೆಂಬುದು ನನಗೆ ಆಗ ಗೊತ್ತಿರಲಿಲ್ಲ.

ಅಂದಿನಿಂದ ಹೂವನ್ನು ಕೊನೆಯಲ್ಲಿ ನೋಡುತ್ತೇನೆ. ಮೊದಲು ಟೇಪು ಹಿಡಿದು ಪನ್ನ ಅಳೆಯುತ್ತೇನೆ. ಉಡುಪಿನ ಹತ್ತಿ ಬಟ್ಟೆ 35–36 ಇಂಚು ಅಗಲವಿದ್ದರೆ ಅದು ಅರವತ್ತರ ದಶಕಕ್ಕಿಂತ ಹಿಂದಿನದಾಗಿರುವ ಸಾಧ್ಯತೆ ಹೆಚ್ಚು; 44–45 ಇಂಚು ಸಾಮಾನ್ಯವಾದದ್ದು ಆಮೇಲೆ. ಉಣ್ಣೆಗೆ ಈ ಲೆಕ್ಕ ಹಿಡಿಯುವುದಿಲ್ಲ, ಅದು ಹಿಂದೆಯೂ 54 ಇಂಚಿನಲ್ಲಿ ಬರುತ್ತಿತ್ತು. ನಂತರ ಅಂಚು. ಲಾಳಿ ಹೋಗಿ ಬರುವ ಮಗ್ಗದಲ್ಲಿ ಅಡ್ಡಕ್ಕೆ ಓಡುವ ಹೊಕ್ಕಿನ ನೂಲು ಅಂಚಿನಲ್ಲಿ ತಿರುಗಿ ಮತ್ತೆ ಒಳಗೆ ಬರುತ್ತದೆ, ಹಾಗಾಗಿ ಅಂಚು ನುಣುಪಾಗಿ ಮುಚ್ಚಿಕೊಂಡಿರುತ್ತದೆ. ಲಾಳಿಯಿಲ್ಲದ ಹೊಸ ಮಗ್ಗಗಳ ಬಟ್ಟೆಯಲ್ಲಿ ಹೊಕ್ಕಿನ ತುದಿಗಳು ಕತ್ತರಿಸಿಕೊಂಡು ಕುಚ್ಚಿನಂತೆ ಚಾಚಿರುತ್ತವೆ. ಕುಚ್ಚು ಕಂಡರೆ ಬಟ್ಟೆ ತೀರ ಹಳೆಯದಲ್ಲ ಎನ್ನಬಹುದು. ನುಣುಪು ಅಂಚಿನಿಂದ ಮಾತ್ರ ಏನನ್ನೂ ಖಚಿತಪಡಿಸಲಾಗದು, ಏಕೆಂದರೆ ಲಾಳಿಯ ಮಗ್ಗಗಳು ಇಂದಿಗೂ ಓಡುತ್ತಿವೆ.

ಆಮೇಲೆ ಬೆಂಕಿಯ ಕೆಲಸ. ಇದನ್ನು ನಾನು ಆನಂದಿಸಿಯೇ ಮಾಡುತ್ತೇನೆ. ಉದ್ದಕ್ಕೆ ಓಡುವ ಹಾಸಿನಿಂದ ಒಂದು ಎಳೆ, ಹೊಕ್ಕಿನಿಂದ ಒಂದು ಎಳೆ ಬೇರೆಬೇರೆಯಾಗಿ ಕಿತ್ತು, ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಡುತ್ತೇನೆ, ಪಕ್ಕದಲ್ಲಿ ನೀರಿರುತ್ತದೆ. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೆತ್ತಗಿನ ಬೂದಿಯಾಗುತ್ತದೆ. ಉಣ್ಣೆ, ರೇಷ್ಮೆ ಎರಡೂ ಕೂದಲು ಸುಟ್ಟಂತೆ ನಾರುತ್ತವೆ, ಬೆಂಕಿ ತೆಗೆದರೆ ತಾವೇ ಆರುತ್ತವೆ, ಉಳಿದ ಕರಿಯ ಗುಂಡು ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರಿನ ಗುಂಡು ಪುಡಿಯಾಗುವುದಿಲ್ಲ. ಅಸಿಟೇಟ್ ಎಂಬ ಕೃತಕ ನೂಲು ಕರಗುತ್ತಾ ವಿನೆಗರ್ ವಾಸನೆ ಕೊಡುತ್ತದೆ. ಒಮ್ಮೆ ಒಂದು ಸ್ಯಾಟಿನ್ ತುಂಡಿನ ಹಾಸು ವಿನೆಗರಿನಂತೆಯೂ ಹೊಕ್ಕು ಕಾಗದದಂತೆಯೂ ನಾರಿ ನನ್ನನ್ನು ಪೂರ್ತಿ ಗಲಿಬಿಲಿಗೊಳಿಸಿತು. ಹಾಸು ಅಸಿಟೇಟ್, ಹೊಕ್ಕು ರೇಯಾನ್. ಒಂದೇ ಎಳೆ ಸುಟ್ಟಿದ್ದರೆ ಅರ್ಧ ಸತ್ಯವನ್ನೇ ಪೂರ್ತಿ ಎಂದು ಬರೆದಿಡುತ್ತಿದ್ದೆ.

ಹತ್ತಿಯನ್ನೂ ರೇಯಾನನ್ನೂ ಬೆಂಕಿ ಬೇರ್ಪಡಿಸಲಾರದು, ಎರಡೂ ಸಸ್ಯದ ನಾರಿನಲ್ಲಿರುವ ಸೆಲ್ಯುಲೋಸೇ. ಅದಕ್ಕೆ ನೀರು ಬೇಕು. ಎಳೆಯ ನಡುಭಾಗವನ್ನು ಒದ್ದೆ ಮಾಡಿ ಜಗ್ಗಿದರೆ ಹಳೆಯ ರೇಯಾನ್ ಒದ್ದೆಯಾದಲ್ಲೇ ಪಟ್ಟನೆ ತುಂಡಾಗುತ್ತದೆ; ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿ. ಇದು ಮೊದಲೇ ತಿಳಿದಿದ್ದರೆ ನಲವತ್ತರ ದಶಕದ ಒಂದು ರೇಯಾನ್ ಕ್ರೇಪನ್ನು ಬಕೆಟ್ಟಿನಲ್ಲಿ ಅದ್ದುತ್ತಿರಲಿಲ್ಲ. ಬಿಗಿಯಾಗಿ ಹುರಿ ಮಾಡಿದ ಕ್ರೇಪಿನ ನೂಲು ನೀರು ಕಂಡ ಕೂಡಲೇ ಸುತ್ತಿಕೊಂಡಿತು, ಇಡೀ ಬಟ್ಟೆ ಒಣಗಿದ ಎಲೆಯಂತೆ ಕುಗ್ಗಿತು.

ಅಸಿಟೇಟಿಗೆ ಇನ್ನೂ ಖಚಿತವಾದ ಪರೀಕ್ಷೆಯಿದೆ: ಅಸಿಟೋನ್ ಇರುವ ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಎಳೆ ಕರಗುತ್ತದೆ. ಕಿತ್ತ ಎಳೆಯನ್ನು ದ್ರವಕ್ಕೆ ಹಾಕಬೇಕೇ ಹೊರತು ದ್ರವವನ್ನು ಬಟ್ಟೆಗೆ ಹಾಕಬಾರದು. ಹೀಗೆ ಬಿಡಿಸಿ ಹೇಳುವುದಕ್ಕೆ ನನ್ನ ಪೆಟ್ಟಿಗೆಯಲ್ಲಿ ಕಡಲೆಗಾತ್ರದ ತೂತಿರುವ ಒಂದು ತುಂಡೇ ಕಾರಣ. ಎಳೆ ಕೀಳದೆಯೂ ಅಸಿಟೇಟನ್ನು ಗುರುತಿಸಬಹುದಾದ ಒಂದು ಸುಳಿವಿದೆ. ಹಳೆಯ ನೀಲಿ ಅಸಿಟೇಟ್ ಬಟ್ಟೆಯ ಮಡಿಕೆಯ ಹೊರಭಾಗ ಕೆಂಪು ಛಾಯೆಗೆ ತಿರುಗಿದ್ದರೆ ಅದು ಬಿಸಿಲಿನ ಕೆಲಸವೇ ಆಗಬೇಕಿಲ್ಲ. ಗ್ಯಾಸ್ ಉರಿಯಿಂದ ಗಾಳಿಗೆ ಸೇರುವ ನೈಟ್ರೋಜನ್ ಆಕ್ಸೈಡುಗಳು ಅಸಿಟೇಟಿಗೆ ಬಳಸುತ್ತಿದ್ದ ನೀಲಿ ಬಣ್ಣವನ್ನು ಹೀಗೆ ಕೆಡಿಸುತ್ತಿದ್ದವು.

ರೇಷ್ಮೆಯ ವಿಷಯದಲ್ಲಿ ನನ್ನ ಅಚ್ಚುಮೆಚ್ಚಿನ ಸಾಕ್ಷಿ ಬೂದಿ. ಗೂಡಿನ ಅಂಟು ತೆಗೆದಾಗ ರೇಷ್ಮೆ ಸುಮಾರು ಕಾಲು ಭಾಗ ತೂಕ ಕಳೆದುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ ಇಪ್ಪತ್ತನೆಯದರ ಆರಂಭದಲ್ಲೂ ತಯಾರಕರು ಆ ನಷ್ಟವನ್ನು ತವರದ ಲವಣ ತುಂಬಿ ಸರಿದೂಗಿಸುತ್ತಿದ್ದರು, ಕೆಲವೊಮ್ಮೆ ನಷ್ಟಕ್ಕಿಂತ ಹೆಚ್ಚೇ ತುಂಬುತ್ತಿದ್ದರು. ಅಂಥ ರೇಷ್ಮೆಯ ಎಳೆ ಸುಟ್ಟರೆ ಗುಂಡಾಗುವುದಿಲ್ಲ. ಎಳೆಯ ಆಕಾರದಲ್ಲೇ ಬೂದಿಯ ಅಸ್ಥಿಪಂಜರವೊಂದು ನಿಲ್ಲುತ್ತದೆ. ಈ ಬಟ್ಟೆಗಳು ಮಡಿಕೆಯುದ್ದಕ್ಕೂ ತಾವಾಗಿಯೇ ಸೀಳುತ್ತವೆ. ನನ್ನ ಬಳಿ ಇರುವ ಎರಡನ್ನು ಮಡಿಸದೆ ಉರುಳೆಗೆ ಸುತ್ತಿಟ್ಟಿದ್ದೇನೆ, ಆದರೂ ಸೀಳು ನಿಂತಿಲ್ಲ.

ಅತಿನೇರಳೆ ದೀಪವನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಬಿಳುಪು ಹೆಚ್ಚಿಸುವ ರಾಸಾಯನಿಕಗಳು ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದವು, ಆದ್ದರಿಂದ ದೀಪದಡಿ ನೀಲಿಯಾಗಿ ಹೊಳೆದರೆ ಬಟ್ಟೆ ಹೊಸದು ಎಂಬುದು ವಾದ. ಆದರೆ ಅವೇ ರಾಸಾಯನಿಕಗಳು ಸೋಪಿನ ಪುಡಿಯಲ್ಲೂ ಇವೆ. ನೂರು ವರ್ಷದ ಬಟ್ಟೆಯೂ ನಿನ್ನೆ ಒಗೆದಿದ್ದರೆ ಹೊಳೆಯುತ್ತದೆ.

ಪ್ರತಿ ತುಂಡಿಗೂ ಒಂದು ಚೀಟಿ ಹೊಲಿದಿದ್ದೇನೆ: ಪನ್ನ, ಅಂಚು, ಹಾಸು, ಹೊಕ್ಕು, ಕೊನೆಗೆ ಹೂವು. ಒಂದರಲ್ಲಿ ಮಾತ್ರ ಎಲ್ಲವೂ ಖಾಲಿ. ಅಂಗೈಯಗಲದ ಆ ತುಂಡಿನ ನಾಲ್ಕೂ ಬದಿ ಕತ್ತರಿಸಿಹೋಗಿದೆ, ಅಂಚೇ ಇಲ್ಲ. ಒಂದು ಎಳೆ ಕೀಳೋಣವೆಂದು ಮೂರು ಸಲ ಚಿಮುಟ ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ. ಚೀಟಿಯಲ್ಲಿ ಪೆನ್ಸಿಲಿನಿಂದ ‘ರೇಷ್ಮೆ?’ ಎಂದಷ್ಟೇ ಬರೆದಿದೆ.