ಮರಳುವ ಹೊತ್ತಿನ ಗಾಳಿ ನೋಡಿ ಹೊರಡಿ: ಕರಾವಳಿಯಲ್ಲಿ ಒಂಟಿ ಸೈಕಲ್ ತರಬೇತಿ ಹೇಗೆ?

ಒಬ್ಬರೇ ಸೈಕಲ್ ತುಳಿಯುವವರಿಗೆ ಗಾಳಿಯ ಬಗ್ಗೆ ಸಾಮಾನ್ಯವಾಗಿ ಹೇಳಿಕೊಡುವ ಪಾಠ ಒಂದೇ: ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಬರುವಾಗ ಅದು ಬೆನ್ನಿಗಿರಲಿ. ಪಾಠ ಸರಿಯಾದದ್ದೇ. ಆದರೆ ಉಡುಪಿಯಲ್ಲಿ ಬೆಳಗ್ಗೆ ಆರಕ್ಕೆ ಅಂಗಳದಲ್ಲಿ ನಿಂತು ಗಾಳಿ ನೋಡಿ ದಾರಿ ನಿರ್ಧರಿಸಿದರೆ ಅದು ಕೈಕೊಡುತ್ತದೆ, ಏಕೆಂದರೆ ಹೊರಡುವಾಗ ಇದ್ದ ಗಾಳಿ ಮರಳುವ ಹೊತ್ತಿಗೆ ಇರುವುದಿಲ್ಲ.

ರಾತ್ರಿ ನೆಲ ಬೇಗ ತಣಿಯುವುದರಿಂದ ಮುಂಜಾನೆ ಮೂಡಣದಿಂದ ಕಡಲಿನತ್ತ ಸಣ್ಣದೊಂದು ನೆಲಗಾಳಿ ಇರುತ್ತದೆ. ಬಿಸಿಲೇರಿ ನೆಲ ಕಾದಂತೆ ಅದು ನಿಂತು, ಸ್ವಲ್ಪ ಹೊತ್ತು ತೆಂಗಿನ ಗರಿಯೂ ಅಲ್ಲಾಡದಂತಾಗಿ, ಬಳಿಕ ಕಡಲ ಕಡೆಯಿಂದ ಗಾಳಿ ಏಳುತ್ತದೆ. ಚಳಿಗಾಲ ಕಳೆದು ಮಳೆಗಾಲ ಹಿಡಿಯುವವರೆಗಿನ ತಿಂಗಳುಗಳಲ್ಲಿ ಈ ಕಡಲಗಾಳಿ ಹೊತ್ತೇರಿದಂತೆ ಹೆಚ್ಚಾಗಿ ವಾಯವ್ಯಕ್ಕೆ ತಿರುಗಿ ಬಲವಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಬಹುಮಟ್ಟಿಗೆ ತೆಂಕು ಬಡಗಾಗಿ ಸಾಗುವುದರಿಂದ, ಬೆಳಗ್ಗೆ ತೆಂಕಿಗೆ, ಕಾಪು, ಪಡುಬಿದ್ರಿಯ ಕಡೆಗೆ ಹಾಯಾಗಿ ಹೋದವರು ಮರಳುವಾಗ ಅದೇ ಗಾಳಿಗೆ ಮುಖ ಕೊಡಬೇಕಾಗುತ್ತದೆ.

ಆದ್ದರಿಂದ ಮೊದಲ ಕೆಲಸ ದಾರಿಯ ಆಯ್ಕೆ. ಉಡುಪಿಯಿಂದ ಬಡಗಿಗೆ, ಸಂತೆಕಟ್ಟೆ, ಬ್ರಹ್ಮಾವರ, ಸಾಲಿಗ್ರಾಮದ ಮೂಲಕ ಕುಂದಾಪುರಕ್ಕೆ ಹೋಗಿ ಬಂದರೆ ಸುಮಾರು 75 ಕಿಲೋಮೀಟರ್ ಆಗುತ್ತದೆ. ಗಾಳಿ ಏಳುವ ಮೊದಲೇ ಬಡಗಿನ ದಾರಿ ಮುಗಿದಿರುತ್ತದೆ. ಎದ್ದ ಮೇಲೆ ಅದು ಮನೆಯ ಕಡೆಗೆ ದೂಡುತ್ತದೆ. ಹವಾಮಾನ ವರದಿಯನ್ನು ನೋಡುವಾಗ ಹೊರಡುವ ಗಂಟೆಯದಲ್ಲ, ಮರಳುವ ಗಂಟೆಯ ಗಾಳಿಯನ್ನು ನೋಡಿ. ‘ವಾಯವ್ಯ ಗಾಳಿ’ ಎಂದರೆ ವಾಯವ್ಯದಿಂದ ಬರುವ ಗಾಳಿ, ಆ ಕಡೆಗೆ ಹೋಗುವುದಲ್ಲ. ಹೊಸಬರು ಇಲ್ಲಿ ತಪ್ಪುವುದು ಸಾಮಾನ್ಯ. ವರದಿಯ ವೇಗ ಸುಮಾರು 10 ಮೀಟರ್ ಎತ್ತರಕ್ಕೆ ಹೇಳಿದ್ದು, ಸೈಕಲ್ಲಿನ ಎತ್ತರದಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ.

ಎರಡನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಸೈಕಲ್ಲಿನ ಮೀಟರ್ ತೋರಿಸುವ ವೇಗವನ್ನು ಮರೆಯುವುದು. ಗಾಳಿಯ ತಡೆ ನಮಗೆ ತಾಗುವ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ 15 ಕಿಲೋಮೀಟರಿನ ಎದುರುಗಾಳಿ ಸಿಕ್ಕರೆ ಮೈಗೆ ತಾಗುವುದು 40 ಕಿಲೋಮೀಟರಿನ ಗಾಳಿ; ತಡೆ ಎರಡೂವರೆ ಪಟ್ಟಾಗುತ್ತದೆ. ಅದೇ ವೇಗವನ್ನು ಉಳಿಸಿಕೊಳ್ಳಲು ಹಟ ಹಿಡಿದರೆ ಹತ್ತೇ ನಿಮಿಷದಲ್ಲಿ ಕಾಲು ಸೋಲುತ್ತದೆ. ಇನ್ನು, ಎದುರುಗಾಳಿಯಲ್ಲಿ ಕಳೆದದ್ದನ್ನು ಬೆನ್ನಗಾಳಿ ಪೂರ್ತಿ ತುಂಬಿಕೊಡುವುದೂ ಇಲ್ಲ. ಗಾಳಿಯಿಲ್ಲದ ದಿನ 30ರ ವೇಗದಲ್ಲಿ 20 ಕಿಲೋಮೀಟರ್ ಹೋಗಿ ಬರಲು 80 ನಿಮಿಷ ಸಾಕು. ಒಂದು ಕಡೆಗೆ 22, ಇನ್ನೊಂದು ಕಡೆಗೆ 36ರ ವೇಗ ಸಿಕ್ಕಿತೆನ್ನಿ: ಒಟ್ಟು 88 ನಿಮಿಷ ಬೇಕಾಗುತ್ತದೆ, ಏಕೆಂದರೆ ನಿಧಾನದ ದಾರಿಯಲ್ಲೇ ನಾವು ಹೆಚ್ಚು ಹೊತ್ತು ಇರುತ್ತೇವೆ. ಆ ದಿನದ ಸರಾಸರಿಯನ್ನು ಕಂಡು ಬೇಸರಿಸಿಕೊಳ್ಳಲು ಕಾರಣವಿಲ್ಲ.

ವೇಗದ ಬದಲು ಶ್ರಮವನ್ನು ಅಳೆಯಿರಿ. ತುಳಿತದ ಶಕ್ತಿಯನ್ನು ಅಳೆಯುವ ಪವರ್ ಮೀಟರ್ ಇದ್ದರೆ ಒಳ್ಳೆಯದು, ಎದೆಬಡಿತ ತೋರಿಸುವ ಗಡಿಯಾರವೂ ಆಗುತ್ತದೆ. ಎರಡೂ ಇಲ್ಲದಿದ್ದರೆ ಉಸಿರೇ ಅಳತೆ. ಪೂರ್ಣ ವಾಕ್ಯ ಆಡಲು ಬಂದರೆ ಅದು ಹಗುರ ಸವಾರಿ, ಮೂರು ನಾಲ್ಕು ಮಾತಿಗೆ ಉಸಿರು ಹಿಡಿಯಬೇಕಾದರೆ ಗಟ್ಟಿ ಸವಾರಿ. ಮೊದಲ 20 ನಿಮಿಷ ಹಗುರವಾಗಿ ತುಳಿದು ಮೈ ಬೆಚ್ಚಗಾದ ಮೇಲೆ, 12 ನಿಮಿಷಗಳ ಗಟ್ಟಿ ತುಳಿತವನ್ನು ನಡುವೆ ಆರು ನಿಮಿಷ ಬಿಡುವು ಕೊಟ್ಟು ಮೂರು ಬಾರಿ ಮಾಡಿ. ಇದನ್ನು ಕಿಲೋಮೀಟರಿನಲ್ಲಿ ಅಲ್ಲ, ನಿಮಿಷದಲ್ಲೇ ಲೆಕ್ಕ ಹಾಕಬೇಕು. ಎದುರುಗಾಳಿ ಬಂದಾಗ ಗೇರ್ ಇಳಿಸಿ, ನಿಮಿಷಕ್ಕೆ 85ರಿಂದ 95 ಸುತ್ತು ಪೆಡಲ್ ತಿರುಗುವಂತೆ ನೋಡಿಕೊಳ್ಳಿ. ಮೊಣಕೈ ಮಡಚಿ ಎದೆ ತಗ್ಗಿಸಿ, ಏಕೆಂದರೆ ತಡೆಯ ಬಹುಪಾಲು ಸೈಕಲ್ಲಿನದಲ್ಲ, ಸವಾರನ ಮೈಯದು. ಬೆನ್ನಗಾಳಿಯಲ್ಲಿ ಗೇರ್ ಏರಿಸಿ, ಶ್ರಮ ಮಾತ್ರ ಅಷ್ಟೇ ಇರಲಿ. ನಿಜವಾದ ಶಿಸ್ತು ಬೇಕಾಗುವುದು ಇಲ್ಲೇ. ಸೈಕಲ್ ತಾನಾಗಿ ಓಡುತ್ತಿರುವಾಗ ಹೆಚ್ಚಿನವರು ಕಾಲಿಗೆ ರಜೆ ಕೊಟ್ಟುಬಿಡುತ್ತಾರೆ.

ಅಡ್ಡಗಾಳಿಗೆ ಬೇರೆಯೇ ಎಚ್ಚರ ಬೇಕು. ಮನೆಗಳ ಸಾಲು, ತೋಟಗಳ ಮರೆ ಮುಗಿದು ಕಲ್ಯಾಣಪುರದ ಸ್ವರ್ಣಾ ಸೇತುವೆ ಅಥವಾ ಮಾಬುಕಳದ ಸೀತಾ ಸೇತುವೆಯ ಮೇಲೆ ಬಂದ ಕೂಡಲೇ ಗಾಳಿ ಪಕ್ಕದಿಂದ ಹೊಡೆಯುತ್ತದೆ. ಹೊರಡುವುದು ತಡವಾಗಿ ಬಡಗಿಗೆ ಹೋಗುವಾಗಲೇ ಕಡಲಗಾಳಿ ಎದ್ದರೆ ಅದು ಎಡದಿಂದ ಬಂದು ನಮ್ಮನ್ನು ವಾಹನಗಳ ಕಡೆಗೆ ದೂಡುತ್ತದೆ. ತೆಂಕಿಗೆ ಮರಳುವಾಗ ಅದು ಬಲದಿಂದ ಬರುತ್ತದೆ. ಅಷ್ಟರಲ್ಲಿ ಬಸ್ಸೊಂದು ಹಾದುಹೋದರೆ ಗಾಳಿ ಕ್ಷಣಕಾಲ ಮರೆಯಾಗಿ, ಗಾಳಿಗೆ ಎದುರಾಗಿ ವಾಲಿದ್ದ ಸೈಕಲ್ ಬಸ್ಸಿನ ಕಡೆಗೇ ಎಳೆದಂತಾಗುತ್ತದೆ, ಬಸ್ಸು ದಾಟಿದ ಕೂಡಲೇ ಎಡಕ್ಕೆ ಒಂದು ನೂಕು ಬೀಳುತ್ತದೆ. ಹಿಂದೆ ದೊಡ್ಡ ಗಾಡಿಯ ಸದ್ದು ಕೇಳಿದಾಗಲೇ ಹ್ಯಾಂಡಲನ್ನು ಬಿಗಿಯಾಗಿ ಅದುಮದೆ ಎರಡೂ ಕೈಯಲ್ಲಿ ಹಿಡಿದು, ಅಂಚಿನಿಂದ ಒಂದು ಮಾರಿನಷ್ಟು ಒಳಗೇ ನೇರವಾಗಿ ತುಳಿಯಿರಿ. ಟೈರಿನಿಂದ ಒಳಕ್ಕೆ ಆಳವಾಗಿರುವ (ಡೀಪ್) ರಿಮ್ಮಿನ ಮುಂದಿನ ಚಕ್ರವನ್ನು ಇಂಥ ದಿನ ಮನೆಯಲ್ಲೇ ಬಿಡುವುದು ಲೇಸು. ಸೇತುವೆಯ ಮೇಲೆ ನೀರು ಕುಡಿಯಲು ಕೈ ಬಿಡಬೇಡಿ.

ಜತೆಗಾರರಿಲ್ಲದ ಸವಾರಿಯಾದ್ದರಿಂದ ಎರಡು ಟ್ಯೂಬ್, ಪಂಪ್, ಹಿಂದಿನ ಕೆಂಪು ದೀಪ, ಸ್ವಲ್ಪ ನಗದು ಇರಲಿ; ದಾರಿ ಮತ್ತು ಮರಳುವ ಹೊತ್ತನ್ನು ಮನೆಯಲ್ಲಿ ಹೇಳಿ ಹೊರಡಿ. ಬೆನ್ನಗಾಳಿಯಲ್ಲಿ ಬೆವರು ಆರದೆ ಸೆಕೆ ಹೆಚ್ಚುವುದರಿಂದ ಬಾಯಾರುವವರೆಗೆ ಕಾಯದೆ ನೀರು ಕುಡಿಯಬೇಕು. ಕೋಟದ ಆಸುಪಾಸಿನಲ್ಲಿ ಒಂದು ಬೊಂಡ (ಎಳನೀರು) ಕುಡಿಯಲು ನಿಂತರೆ ತರಬೇತಿಯೇನೂ ಕೆಡುವುದಿಲ್ಲ.

ಮಳೆಗಾಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣ, ನೈಋತ್ಯದಿಂದ ಮಳೆಯ ಜತೆ ರಭಸವಾಗಿ ನುಗ್ಗುತ್ತದೆ. ಆಗ ಹೆದ್ದಾರಿ ಬಿಟ್ಟು ಹಿರಿಯಡಕ, ಪೆರ್ಡೂರಿನ ಕಡೆಯ ಮರಗಳ ಮರೆಯ ರಸ್ತೆ ಮೇಲು.

ಮನೆ ಸೇರಿದ ಮೇಲೆ ಸಮಯ, ಶ್ರಮದ ಜತೆಗೆ ಗಾಳಿಯ ದಿಕ್ಕನ್ನೂ ಅದು ತಿರುಗಿದ ಗಂಟೆಯನ್ನೂ ಪುಸ್ತಕದಲ್ಲಿ ಬರೆದಿಡಿ. ಎರಡು ಮೂರು ತಿಂಗಳಲ್ಲಿ ನಿಮ್ಮ ದಾರಿಯ ಗಾಳಿಗೆ ನಿಮ್ಮದೇ ಪಂಚಾಂಗ ಸಿಗುತ್ತದೆ. ಕಡಲಗಾಳಿ ತರುವ ಉಪ್ಪಿನ ಅಂಶಕ್ಕೆ ಚೈನ್ ಬೇಗ ತುಕ್ಕು ಹಿಡಿಯುವುದರಿಂದ, ಸ್ನಾನಕ್ಕೆ ಹೋಗುವ ಮೊದಲು ಅದನ್ನು ಒರೆಸಿ ಎಣ್ಣೆ ಹಾಕಿ.