ಅಮೆರಿಕ, ಚೀನಾ, ರಷ್ಯಾ ಜಗಳದ ಸುದ್ದಿ ಓದೋದು ಹೆಂಗೆ: ಮಂಡ್ಯ ಮೈಸೂರು ಕಡೆಯವರಿಗೆ

ರಾತ್ರಿ ಒಂಬತ್ತು ಗಂಟೆಗೆ ಟಿವಿಲಿ ಎಂಟು ಜನ ಕೂತ್ಕೊಂಡು ಕಿರುಚಾಡೋದನ್ನ ಎಷ್ಟು ವರ್ಷ ನೋಡಿದ್ರೂ ಈ ದೊಡ್ಡ ದೇಶಗಳ ಜಗಳ ತಲೆಗೆ ಹತ್ತಲ್ಲ. ಯಾರು ಯಾರಿಗೆ ವಾರ್ನಿಂಗ್ ಕೊಟ್ರು, ಯಾರು ಯಾರ ಕೈ ಕುಲುಕಲಿಲ್ಲ ಅನ್ನೋದು ದಿನಾ ಬದಲಾಗ್ತಾ ಇರುತ್ತೆ. ಬೇಗ ಬದಲಾಗದೇ ಇರೋದು ಮೂರೇ ಮೂರು, ಯಾವ ದಾರಿ ಯಾರ ಕೈಲಿದೆ, ಯಾವ ಸಾಮಾನು ಯಾರ ಹತ್ರ ಮಾತ್ರ ಸಿಗುತ್ತೆ, ವ್ಯಾಪಾರ ಯಾರ ದುಡ್ಡಲ್ಲಿ ನಡೀತಿದೆ. ಈ ಮೂರನ್ನ ಹಿಡ್ಕೊಂಡು ಪೇಪರ್ ಓದಿದ್ರೆ ಸಾಕು, ನಮ್ಮೂರಲ್ಲಿ ಕೂತ್ಕೊಂಡೇ ಚೆನ್ನಾಗಿ ಅರ್ಥ ಮಾಡ್ಕೋಬಹುದು. ಡಿಗ್ರಿ ಓದೋ ಹುಡುಗ್ರು, ಕೆಎಎಸ್‌ಗೆ ತಯಾರಿ ಮಾಡೋರು, ಬೆಳಿಗ್ಗೆ ಹೋಟ್ಲಲ್ಲಿ ಟೀ ಕುಡೀತಾ ಪೇಪರ್ ಪೂರ್ತಿ ಓದಿ ಮುಗಿಸೋ ನಮ್ಮ ಯಜಮಾನ್ರುಗಳು, ಎಲ್ಲರಿಗೂ ಸೇರಿಸಿ ಬರೀತಿದ್ದೀನಿ.

ಮೊದಲು ಒಂದು ವರ್ಲ್ಡ್ ಮ್ಯಾಪ್ ತಗೊಳ್ಳಿ. ಫೋನಲ್ಲಿರೋದು ಬೇಡ, ಹೈಸ್ಕೂಲ್ ಮಕ್ಕಳು ತಗೊಳ್ಳೋ ಖಾಲಿ ಔಟ್‌ಲೈನ್ ಮ್ಯಾಪ್, ಯಾವ ಬುಕ್ ಸ್ಟಾಲಲ್ಲಾದ್ರೂ ಸಿಗುತ್ತೆ. ಕೆಂಪು ಪೆನ್ನಲ್ಲಿ ಹಾರ್ಮುಜ್, ಬಾಬ್ ಎಲ್ ಮಂದೆಬ್, ಸೂಯೆಜ್, ಮಲಕ್ಕಾ, ತೈವಾನ್ ಜಲಸಂಧಿ, ಪನಾಮ, ಟರ್ಕಿಯ ಬಾಸ್ಫರಸ್ ಇಷ್ಟಕ್ಕೆ ಸುತ್ತು ಹಾಕಿ, ಇವೆಲ್ಲ ಹಡಗುಗಳು ಹೋಗೋ ಇಕ್ಕಟ್ಟಾದ ನೀರಿನ ದಾರಿಗಳು. ವಿಸಿ ನಾಲೆಲಿ ಮೇಲಿನ ತೂಬು ಯಾರ ಕೈಲಿದೆ ಅನ್ನೋದರ ಮೇಲೆ ಟೈಲ್ ಎಂಡ್ ರೈತನ ಗದ್ದೆಗೆ ನೀರು ಬರುತ್ತೋ ಇಲ್ವೋ ಅನ್ನೋದು ನಿಂತಿರುತ್ತಲ್ಲ, ಈ ಜಾಗಗಳೂ ಹಂಗೇ. 2024ರಲ್ಲಿ ಇಡೀ ಪ್ರಪಂಚ ಬಳಸಿದ ಎಣ್ಣೆಲಿ ಹತ್ರ ಹತ್ರ ಐದರಲ್ಲೊಂದು ಪಾಲು ಹಾರ್ಮುಜ್ ಮೂಲಕ ಹೋಗಿದೆ. 2021ರ ಮಾರ್ಚಲ್ಲಿ ಎವರ್ ಗಿವನ್ ಅನ್ನೋ ಒಂದೇ ಒಂದು ಹಡಗು ಸೂಯೆಜ್‌ಗೆ ಅಡ್ಡ ನಿಂತು ಆರು ದಿನ ದಾರಿ ಕಟ್ಟಾಯ್ತು. 2023ರ ನವೆಂಬರಿಂದ ಯೆಮೆನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದ್ಮೇಲೆ ದೊಡ್ಡ ದೊಡ್ಡ ಶಿಪ್ಪಿಂಗ್ ಕಂಪನಿಗಳೆಲ್ಲ ಆಫ್ರಿಕಾನ ಸುತ್ತಾಕ್ಕೊಂಡು ಹೋಗೋಕೆ ಶುರು ಮಾಡಿದ್ವು.

ಈಗ ಮಲಕ್ಕಾ ನೋಡಿ. ಚೀನಾಕ್ಕೆ ಸಮುದ್ರದಲ್ಲಿ ಬರೋ ಎಣ್ಣೆಲಿ ದೊಡ್ಡ ಪಾಲು ಅದೇ ಸಂದಿಲಿ ನುಗ್ಗಿ ಹೋಗ್ಬೇಕು, ಅದರ ಬಾಯಿ ಹತ್ರಾನೇ ನಮ್ಮ ನಿಕೋಬಾರ್ ದ್ವೀಪ ಇದೆ, ಆ ಕಡೆ ಸಿಂಗಾಪುರಕ್ಕೆ ಅಮೆರಿಕದ ಯುದ್ಧನೌಕೆಗಳು ಬಂದು ಹೋಗ್ತಾ ಇರ್ತವೆ. ಇದನ್ನ ಮ್ಯಾಪಲ್ಲಿ ಒಂದ್ಸಲ ಕಣ್ಣಾರೆ ನೋಡಿದ್ರೆ ಮ್ಯಾನ್ಮಾರ್‌ನ ಕ್ಯಾಕ್‌ಪ್ಯೂ ಬಂದರಿಂದ ತನ್ನ ಯುನ್ನಾನ್ ಪ್ರಾಂತ್ಯಕ್ಕೆ ಚೀನಾ ಯಾಕೆ ಪೈಪ್‌ಲೈನ್ ಎಳೀತು, ಪಾಕಿಸ್ತಾನದ ಗ್ವಾದರ್‌ಗೆ ಯಾಕೆ ದುಡ್ಡು ಸುರೀತು, ನಾವು ಗ್ರೇಟ್ ನಿಕೋಬಾರಲ್ಲಿ ಬಂದರು ಕಟ್ಟೋಕೆ ಯಾಕೆ ಹೊರಟಿದ್ದೀವಿ ಅನ್ನೋದೆಲ್ಲ ಒಂದೇ ದಾರಕ್ಕೆ ಪೋಣಿಸ್ಕೊಳ್ಳುತ್ತೆ.

ಎರಡನೇದು, ಇವತ್ತಿನ ಜಗಳಕ್ಕೆ ಕೈ ಹಾಕೋಕೆ ಮುಂಚೆ ಹಳೇದೊಂದು ಜಗಳದ ಮೇಲೆ ಪ್ರಾಕ್ಟೀಸ್ ಮಾಡಿ, ಯಾಕಂದ್ರೆ ಹಳೇದರ ಕೊನೆ ನಮಗೆ ಗೊತ್ತಿರುತ್ತೆ. ಅದಕ್ಕೆ ನಮ್ಮ ಶ್ರೀರಂಗಪಟ್ಟಣಕ್ಕಿಂತ ಒಳ್ಳೆ ಪಾಠ ಪ್ರಪಂಚದಲ್ಲಿ ಬೇರೆ ಬೇಡ ಅಂತೀನಿ. ಶಾಲೆಲಿ ನಮಗೆ ಹೈದರ್, ಟಿಪ್ಪು, ಬ್ರಿಟಿಷ್ರು ಅಂತ ಹೇಳಿಕೊಟ್ಟು ಮುಗಿಸಿಬಿಟ್ರು. ಆದ್ರೆ ಅದು ಬ್ರಿಟನ್ನು ಫ್ರಾನ್ಸು ಪ್ರಪಂಚದ ತುಂಬಾ ಆಡ್ತಿದ್ದ ಆಟದ ಒಂದು ಮೂಲೆ. 1778ರಲ್ಲಿ ಫ್ರಾನ್ಸು ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಇಳೀತು, ಆ ಸಿಟ್ಟಿಗೆ ಬ್ರಿಟಿಷ್ರು ಇಂಡಿಯಾದಲ್ಲಿದ್ದ ಫ್ರೆಂಚ್ ಜಾಗಗಳನ್ನೆಲ್ಲ ಹಿಡೀತಾ ಬಂದು 1779ರಲ್ಲಿ ಕೇರಳ ಕರಾವಳಿಯ ಮಾಹೆನೂ ಹಿಡಿದ್ರು. ಹೈದರಾಲಿಗೆ ಫ್ರೆಂಚರ ಯುದ್ಧ ಸಾಮಾನು ಬರ್ತಿದ್ದ ಬಾಗಿಲು ಅದೇ ಮಾಹೆ. 1780ರಲ್ಲಿ ಎರಡನೇ ಮೈಸೂರು ಯುದ್ಧ ಶುರುವಾಗೋಕೆ ಅದೂ ಒಂದು ದೊಡ್ಡ ಕಾರಣ. ಅಟ್ಲಾಂಟಿಕ್ ಆಚೆ ಹೊತ್ಕೊಂಡ ಬೆಂಕಿ ಎರಡೇ ವರ್ಷದಲ್ಲಿ ಕಾವೇರಿ ತೀರಕ್ಕೆ ಬಂತು ನೋಡಿ.

ಮುಂದಿನ ಭಾಗ ಇನ್ನೂ ಗಮನ ಇಟ್ಟು ಓದಿ. 1782ರ ಡಿಸೆಂಬರಲ್ಲಿ ಹೈದರ್ ತೀರ್ಕೊಂಡ್ರು, ಟಿಪ್ಪು ಯುದ್ಧ ಮುಂದುವರೆಸಿದ್ರು, 1783ರಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಫ್ರೆಂಚ್ ಸೈನಿಕರೂ ಜೊತೆಲಿದ್ರು. ಅಷ್ಟರಲ್ಲಿ ಯೂರೋಪಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ರಾಜಿಯಾಗಿದೆ ಅನ್ನೋ ಸುದ್ದಿ ಹಡಗಲ್ಲಿ ಬಂತು, ಫ್ರೆಂಚರು ಯುದ್ಧ ನಿಲ್ಲಿಸಿ ಪಕ್ಕಕ್ಕೆ ಸರಿದ್ರು. ಟಿಪ್ಪುನ ಒಂದು ಮಾತು ಕೇಳಿರಲಿಲ್ಲ. 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ನಿಂತ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಯಾರು ಅಂದ್ಕೊಂಡ್ರಿ, 1781ರಲ್ಲಿ ಅಮೆರಿಕದ ಯಾರ್ಕ್‌ಟೌನಲ್ಲಿ ಸೋತು ಶರಣಾಗಿದ್ದವನು. ಅಲ್ಲಿ ಸೋತ ಬ್ರಿಟಿಷ್ರು ಇಲ್ಲಿ ಮರಾಠರು, ನಿಜಾಮನ ಜೊತೆ ಸೇರಿ ಅರ್ಧ ಮೈಸೂರು ಸೀಮೆ, 3 ಕೋಟಿ 30 ಲಕ್ಷ ರೂಪಾಯಿ, ಜೊತೆಗೆ ಒತ್ತೆ ಅಂತ ಟಿಪ್ಪುವಿನ ಇಬ್ಬರು ಮಕ್ಕಳು, ಇಷ್ಟನ್ನ ಕೇಳಿ ಪಡ್ಕೊಂಡ್ರು. ಫ್ರಾನ್ಸಲ್ಲಿ ಆಗ ಕ್ರಾಂತಿ ನಡೀತಿತ್ತು, ಸಹಾಯ ಬರಲಿಲ್ಲ. 1798ರಲ್ಲಿ ನೆಪೋಲಿಯನ್ ಈಜಿಪ್ಟ್‌ಗೆ ಬಂದಾಗ ಆಸೆ ಮತ್ತೆ ಚಿಗುರಿತು, ಆದ್ರೆ ಅದೇ ವರ್ಷ ಆಗಸ್ಟಲ್ಲಿ ಬ್ರಿಟಿಷ್ ನೌಕಾಪಡೆಯ ನೆಲ್ಸನ್ ಫ್ರೆಂಚ್ ಹಡಗು ಪಡೇನ ನೈಲ್ ನದಿ ಬಾಯಲ್ಲಿ ನಾಶ ಮಾಡಿಬಿಟ್ಟ, ನೆಪೋಲಿಯನ್ ಟಿಪ್ಪುಗೆ ಬರೆದ ಕಾಗದನೂ ದಾರಿಲೇ ಬ್ರಿಟಿಷರ ಕೈಗೆ ಸಿಕ್ತು. 1799ರ ಮೇ 4ಕ್ಕೆ ಎಲ್ಲ ಮುಗೀತು.

ಮುಂದಿನ ಸಲ ಕೋಟೆ ಕಡೆ ಹೋದಾಗ ಟಿಪ್ಪು ಬಿದ್ದ ಜಾಗದ ಕಲ್ಲು ನೋಡಿ ಫೋಟೋ ತಗೊಂಡು ಬಂದ್ಬಿಡಬೇಡಿ, ಅಲ್ಲೇ ನಿಂತ್ಕೊಂಡು ಮೂರು ಪ್ರಶ್ನೆ ಕೇಳ್ಕೊಳ್ಳಿ. ಸಮುದ್ರ ಯಾರ ಕೈಲಿತ್ತು? ದೊಡ್ಡವರು ರಾಜಿ ಮಾಡ್ಕೊಂಡಾಗ ಸಣ್ಣವನನ್ನ ಕೇಳಿದ್ರಾ? ಸಹಾಯ ಮಾಡ್ತೀನಿ ಅಂದವನಿಗೆ ಬಂದು ತಲುಪೋ ದಾರಿ ಇತ್ತಾ? ಇದೇ ಮೂರು ಪ್ರಶ್ನೆನ ಉಕ್ರೇನ್‌ಗೆ ಹಾಕಿ, ತೈವಾನ್‌ಗೆ ಹಾಕಿ, ಫಿಲಿಪೀನ್ಸ್‌ಗೆ ಹಾಕಿ. ಅಮೆರಿಕ ರಷ್ಯಾ ಮಾತುಕತೆ ಅಂತ ಹೆಡ್‌ಲೈನ್ ಬಂದ ತಕ್ಷಣ ಆ ಟೇಬಲ್‌ ಮುಂದೆ ಉಕ್ರೇನಿಗೆ ಕುರ್ಚಿ ಇದೆಯಾ ಅಂತ ನೋಡೋ ಅಭ್ಯಾಸ ತಾನೇ ಬಂದ್ಬಿಡುತ್ತೆ.

ಇನ್ನು ಸಾಮಾನಿನ ಲೆಕ್ಕ. ಮನೇಲಿ, ಹೊಲದಲ್ಲಿ ಇರೋ ಯಾವುದಾದ್ರೂ ಒಂದು ವಸ್ತು ಹಿಡ್ಕೊಂಡು ಅದು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ. ನಾನು ಹೇಳೋದು ಡಿಎಪಿ ಗೊಬ್ಬರದ ಚೀಲದಿಂದ ಶುರು ಮಾಡಿ ಅಂತ. ನಮಗೆ ಬೇಕಾದ ಡಿಎಪಿಲಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದ ಬರುತ್ತೆ, ಇಲ್ಲೇ ತಯಾರಾಗೋದಕ್ಕೂ ರಾಕ್ ಫಾಸ್ಫೇಟ್ ಅನ್ನೋ ಕಲ್ಲು, ಫಾಸ್ಫರಿಕ್ ಆಸಿಡ್ಡು ಮೊರಾಕೊ, ಜೋರ್ಡಾನ್ ಕಡೆಯಿಂದ ಬರಬೇಕು. ಚೀನಾ 2021ರಲ್ಲಿ ರಫ್ತಿಗೆ ಬಿಗಿ ಹಾಕ್ತು, ಆಮೇಲೆ ಸೌದಿ, ಮೊರಾಕೊ, ರಷ್ಯಾ ಕಡೆ ನಾವು ಜಾಸ್ತಿ ತಿರುಗಬೇಕಾಯ್ತು. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಇದನ್ನ ಬಿಟ್ಬಿಡ್ತಾರೆ. ಸರ್ಕಾರ ಸಬ್ಸಿಡಿ ಕೊಟ್ಟು 50 ಕೇಜಿ ಚೀಲಕ್ಕೆ 1350 ರೂಪಾಯಿ ಅಂತ ಹಿಡಿದಿಟ್ಕೊಂಡು ಬಂದಿದ್ದರಿಂದ ಪ್ರಪಂಚದ ಗಲಾಟೆ ನಮಗೆ ರೇಟಲ್ಲಿ ಕಾಣ್ಲಿಲ್ಲ, ಸೊಸೈಟಿ ಮುಂದಿನ ಕ್ಯೂಲಿ ಕಾಣ್ತು. ಸ್ಟಾಕ್ ಇಲ್ಲ ನಾಳೆ ಬನ್ನಿ ಅಂತ ಸೆಕ್ರೆಟರಿ ಹೇಳಿದಾಗ ರೈತ ಅವನ ಮೇಲೆ ರೇಗ್ತಾನೆ, ಅದರ ಹಿಂದೆ ಬೀಜಿಂಗಲ್ಲಿ ಆದ ಒಂದು ತೀರ್ಮಾನವೂ ಇದ್ದಿರಬಹುದು. ಎಲ್ಲ ಕೊರತೆಗೂ ಅದೇ ಕಾರಣ ಅಂತಲ್ಲ, ಇಲ್ಲಿನ ಹಂಚಿಕೆ ಗಡಿಬಿಡಿನೂ ಇರುತ್ತೆ, ಎರಡನ್ನೂ ನೋಡ್ಬೇಕು.

ಇದೇ ಲೆಕ್ಕದಲ್ಲಿ ನಮ್ಮ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲದ ಲಿಥಿಯಂ ಸುದ್ದಿನೂ ತೂಕ ಹಾಕಬಹುದು. 2020ರಲ್ಲಿ 14,100 ಟನ್ ಅಂತ ಸುದ್ದಿ ಬಂದಾಗ ಮಂಡ್ಯ ಇನ್ನು ದುಬೈ ಆಗೋಯ್ತು ಅನ್ನೋ ಥರ ಫಾರ್ವರ್ಡ್‌ಗಳು ಓಡಾಡಿದ್ವು, ಆಮೇಲೆ ಅಣುಶಕ್ತಿ ಇಲಾಖೆಯ ಖನಿಜ ನಿರ್ದೇಶನಾಲಯದ ಅಂದಾಜು 1,600 ಟನ್ ಅಂತ ಬಂತು, ಅದೂ ಪ್ರಾಥಮಿಕ ಹಂತದ್ದು. ಅಂಕಿ ಇಳೀತು ಅನ್ನೋದು ಒಂದು ಕಡೆ ಇರ್ಲಿ, ಕೇಳಬೇಕಾದ ಪ್ರಶ್ನೆ ಬೇರೆ. ಅಗೆಯೋದು ಯಾರು ಅನ್ನೋದಕ್ಕಿಂತ ಶುದ್ಧ ಮಾಡೋದು ಯಾರು ಅನ್ನೋದು ಮುಖ್ಯ. ಪ್ರಪಂಚದಲ್ಲಿ ಅತಿ ಹೆಚ್ಚು ಲಿಥಿಯಂ ಅಗೆಯೋದು ಆಸ್ಟ್ರೇಲಿಯಾ, ಆ ಅದಿರಲ್ಲಿ ಬಹುಪಾಲು ಚೀನಾಕ್ಕೆ ಹೋಗಿ ಬ್ಯಾಟರಿಗೆ ಬೇಕಾದ ರೂಪಕ್ಕೆ ಬರುತ್ತೆ. ಮೋಟಾರಿನ ಮ್ಯಾಗ್ನೆಟ್‌ಗೆ ಬೇಕಾದ ರೇರ್ ಅರ್ಥ್ ಲೋಹಗಳ ಕತೆ ಇನ್ನೂ ಬಿಗಿ, ಅದರ ಶುದ್ಧೀಕರಣದಲ್ಲಿ ಹತ್ರ ಹತ್ರ ನೂರಕ್ಕೆ ತೊಂಬತ್ತು ಚೀನಾದ್ದೇ. 2025ರ ಏಪ್ರಿಲಲ್ಲಿ ಟ್ರಂಪ್ ಸುಂಕಕ್ಕೆ ಪ್ರತಿಯಾಗಿ ಚೀನಾ ಏಳು ರೇರ್ ಅರ್ಥ್‌ಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿದಾಗ ಅಮೆರಿಕದ ಜೊತೆ ನಮ್ಮ ಇಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳೂ ಮ್ಯಾಗ್ನೆಟ್ ಇಲ್ದೆ ಒದ್ದಾಡಿದ್ವು. ಇನ್ನೊಂದು ದಿಕ್ಕಲ್ಲಿ ಅಮೆರಿಕದ ಹಿಡಿತ ಚಿಪ್ಪಲ್ಲಿದೆ. ಅತಿ ಸಣ್ಣ ಚಿಪ್ ಮಾಡೋ ಇಯುವಿ ಮಷಿನ್ ಕಟ್ಟೋದು ಇಡೀ ಪ್ರಪಂಚದಲ್ಲಿ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ ಕಂಪನಿ, ಅದನ್ನ ಚೀನಾಕ್ಕೆ ಮಾರದ ಹಾಗೆ ಅಮೆರಿಕ ಒತ್ತಡ ಹಾಕಿ ನಿಲ್ಲಿಸಿದೆ, 2022ರ ಅಕ್ಟೋಬರಲ್ಲಿ ಚಿಪ್ ಮೇಲೆ ತನ್ನದೇ ನಿರ್ಬಂಧನೂ ಹಾಕ್ತು. ಇಬ್ಬರ ಹತ್ರನೂ ಇನ್ನೊಬ್ಬರಿಗೆ ಬೇಕೇ ಬೇಕಾದ್ದು ಇದೆ, ಅದ್ಕೇ ದಿನಾ ಬೈದಾಡಿದ್ರೂ ಮಾತುಕತೆಗೆ ವಾಪಸ್ ಬರ್ತಾರೆ.

ದುಡ್ಡಿನ ವಿಷಯ ಬೇಗ ಹೇಳ್ತೀನಿ. ನಮ್ಮ ಮೈಸೂರಲ್ಲೇ ನೋಟ್ ಪ್ರಿಂಟ್ ಆಗುತ್ತೆ, ಆದ್ರೆ ಆ ನೋಟು ಕೊಟ್ರೆ ಸೌದಿಯವನು ಸುಲಭಕ್ಕೆ ಎಣ್ಣೆ ಕೊಡಲ್ಲ, ಡಾಲರ್ ಕೇಳ್ತಾನೆ. ಅಮೆರಿಕದ ಪ್ರಭಾವದಲ್ಲಿ ಅರ್ಧ ಇರೋದೇ ಇಲ್ಲಿ. 2022ರಲ್ಲಿ ಉಕ್ರೇನ್ ಮೇಲೆ ದಾಳಿ ಮಾಡಿದ ತಕ್ಷಣ ರಷ್ಯಾದ ಸೆಂಟ್ರಲ್ ಬ್ಯಾಂಕಿನ ಸುಮಾರು 300 ಬಿಲಿಯನ್ ಡಾಲರ್ ಬೆಲೆಯ ಹಣನ ಪಶ್ಚಿಮದ ದೇಶಗಳು ಕಟ್ಟಿ ಹಾಕಿದ್ವು, ಅದರಲ್ಲಿ ದೊಡ್ಡ ಪಾಲು ಬೆಲ್ಜಿಯಂನ ಯೂರೋಕ್ಲಿಯರ್ ಅನ್ನೋ ಸಂಸ್ಥೆಲಿ. ಅದನ್ನ ನೋಡಿದ ಎಷ್ಟೋ ದೇಶದ ಸೆಂಟ್ರಲ್ ಬ್ಯಾಂಕುಗಳು ಚಿನ್ನ ಜಾಸ್ತಿ ಕೊಳ್ಳೋಕೆ ಶುರು ಮಾಡಿದ್ವು. ಸ್ಯಾಂಕ್ಷನ್, ಅಂದ್ರೆ ಆರ್ಥಿಕ ನಿರ್ಬಂಧ ಅನ್ನೋ ಸುದ್ದಿ ಬಂದಾಗೆಲ್ಲ ಯಾರ ಬ್ಯಾಂಕು, ಯಾರ ಕರೆನ್ಸಿ ಅಂತ ಪಕ್ಕದಲ್ಲಿ ಬರ್ಕೊಳ್ಳಿ.

ಆಮೇಲೆ ವೋಟು. ವಿಶ್ವಸಂಸ್ಥೆ ಭದ್ರತಾ ಮಂಡಳಿಲಿ 15 ದೇಶ, ಅದರಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದಕ್ಕೆ ವಿಟೋ, ಅಂದ್ರೆ ಇವರಲ್ಲಿ ಒಬ್ಬರು ಬೇಡ ಅಂದ್ರೂ ನಿರ್ಣಯ ಬಿದ್ದೋಗುತ್ತೆ. 2022ರ ಫೆಬ್ರವರಿ 25ರಂದು ರಷ್ಯಾ ವಿರುದ್ಧದ ನಿರ್ಣಯನ ರಷ್ಯಾನೇ ವಿಟೋ ಮಾಡ್ತು, ಚೀನಾ, ಇಂಡಿಯಾ, ಯುಎಇ ಯಾರ ಕಡೆನೂ ವೋಟ್ ಹಾಕ್ಲಿಲ್ಲ. ಮಾರ್ಚ್ 2ಕ್ಕೆ ಎಲ್ಲ ಸದಸ್ಯ ದೇಶಗಳೂ ಇರೋ ಜನರಲ್ ಅಸೆಂಬ್ಲಿಲಿ 141 ದೇಶ ನಿರ್ಣಯದ ಪರ, 5 ವಿರೋಧ, 35 ತಟಸ್ಥ, ಆ 35ರಲ್ಲಿ ನಾವೂ ಇದ್ವಿ. ಲೀಡರ್ ಭಾಷಣಕ್ಕಿಂತ ಈ ಲಿಸ್ಟ್ ಹತ್ತು ಪಟ್ಟು ಹೇಳುತ್ತೆ. ಹಂಗೇ ಇಬ್ಬರು ದೊಡ್ಡ ಲೀಡರ್‌ಗಳು ಭೇಟಿ ಆದ ದಿನ ಎರಡೂ ಕಡೆಯ ಅಧಿಕೃತ ಹೇಳಿಕೆ ಪಕ್ಕ ಪಕ್ಕ ಇಟ್ಕೊಂಡು ಓದಿ. ಚೀನಾದವರ ಹೇಳಿಕೆಲಿ ತೈವಾನ್ ಬಗ್ಗೆ ಒಂದು ಪ್ಯಾರಾ ಇದ್ದು ಅಮೆರಿಕದವರದ್ದರಲ್ಲಿ ಅದು ಕಾಣದೇ ಹೋದ್ರೆ ಜಗಳ ಅಲ್ಲೇ ಇದೆ ಅಂತ ಗುರುತು ಹಾಕ್ಕೊಳ್ಳಿ.

ಹೋಟ್ಲಲ್ಲಿ ಯಾವಾಗ್ಲೂ ಬರೋ ಪ್ರಶ್ನೆ, ಅಣ್ಣಾ ನಾವು ಯಾರ ಕಡೆ ಅಂತ. ಇದಕ್ಕೆ ಒಂದೇ ಮಾತಲ್ಲಿ ಉತ್ತರ ಹೇಳೋರನ್ನ ನಂಬಬೇಡಿ. ನೋಟ್‌ಬುಕ್ಕಲ್ಲಿ ರಷ್ಯಾ, ಅಮೆರಿಕ, ಚೀನಾ ಅಂತ ಮೂರು ಕಾಲಂ ಹಾಕಿ. ರಷ್ಯಾದಿಂದ ಶತ್ರು ವಿಮಾನ, ಕ್ಷಿಪಣಿ ಹೊಡೆದು ಬೀಳಿಸೋ ಎಸ್-400 ತಗೊಂಡಿದ್ದೀವಿ, 2022ಕ್ಕೆ ಮುಂಚೆ ನೂರಕ್ಕೆ ಎರಡೂ ಇಲ್ಲದ ರಷ್ಯಾ ಎಣ್ಣೆ ಆಮೇಲೆ ನಮ್ಮ ಆಮದಲ್ಲಿ ಮೂರನೇ ಒಂದು ಭಾಗ ದಾಟ್ತು. ಅಮೆರಿಕ ನಮ್ಮ ಮಾಲಿಗೆ ಎಲ್ಲಕ್ಕಿಂತ ದೊಡ್ಡ ಗಿರಾಕಿ, ತೇಜಸ್ ವಿಮಾನಕ್ಕೆ ಎಂಜಿನ್ ಅಲ್ಲಿಂದ್ಲೇ ಬರಬೇಕು, ಅದೇ ಅಮೆರಿಕ ರಷ್ಯಾ ಎಣ್ಣೆ ನೆಪ ಹೇಳಿ 2025ರ ಆಗಸ್ಟಲ್ಲಿ ನಮ್ಮ ಮಾಲಿನ ಮೇಲೆ ಸುಂಕನ 50 ಪರ್ಸೆಂಟ್‌ಗೆ ಏರಿಸ್ತು. ಚೀನಾ ಜೊತೆ ಗಡಿ ತಕರಾರು, ಆದ್ರೂ ವರ್ಷಕ್ಕೆ 100 ಬಿಲಿಯನ್ ಡಾಲರ್‌ಗೂ ಮೇಲೆ ಅವರ ಮಾಲು ತರಿಸ್ಕೋತೀವಿ. ಅಮೆರಿಕ ಇರೋ ಕ್ವಾಡ್ ಗುಂಪಲ್ಲೂ ಇದ್ದೀವಿ, ರಷ್ಯಾ ಚೀನಾ ಇರೋ ಬ್ರಿಕ್ಸ್ ಗುಂಪಲ್ಲೂ ಇದ್ದೀವಿ. ಈ ಮೂರು ಕಾಲಂ ತೋರಿಸಿದ್ರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತೆ. ಮಹಾರಾಜರ ಕಾಲದ ಟಿಪ್ಪು ಕಾಲದ ಯಾವ ವಿಷಯ ಎತ್ತಿದ್ರೂ ಧರ್ಮದ ಜಗಳ ಶುರು ಮಾಡೋರು ಇರ್ತಾರೆ, ಅಲ್ಲಿ ಮಾತು ಬೆಳೆಸಬೇಡಿ, ವಾಪಸ್ ಮ್ಯಾಪ್‌ಗೆ ಬನ್ನಿ.

ಮಿಲಿಟರಿ ಅಂಕಿಗಳಿಗೆ ಜಾಸ್ತಿ ಮರುಳಾಗಬೇಡಿ. ಸ್ವೀಡನ್‌ನ ಸಿಪ್ರಿ ಅನ್ನೋ ಸಂಶೋಧನಾ ಸಂಸ್ಥೆ ಲೆಕ್ಕದಲ್ಲಿ 2024ರಲ್ಲಿ ಅಮೆರಿಕ 997 ಬಿಲಿಯನ್ ಡಾಲರ್ ಖರ್ಚು ಮಾಡ್ತು, ಚೀನಾ ಅಂದಾಜು 314, ರಷ್ಯಾ ಅಂದಾಜು 149, ನಾವು 86. ಆದ್ರೆ ಆ ದುಡ್ಡಲ್ಲಿ ಯಾರು ಎಷ್ಟು ದೂರದಲ್ಲಿ ಕಾವಲು ಇಟ್ಟಿದ್ದಾರೆ ಅನ್ನೋದು ಬೇರೆ ಬೇರೆ. ವಾಟ್ಸಾಪಲ್ಲಿ ಬರೋ ಯುದ್ಧದ ವಿಡಿಯೋಗಳನ್ನಂತೂ ಮುಟ್ಟಲೇಬೇಡಿ, ಎಷ್ಟೋ ವಿಡಿಯೋ ಗೇಮಿಂದ ತೆಗೆದಿರೋವು.

ಕೆಎಎಸ್ ಓದೋರಿಗೆ ಮೊದಲನೇ ಎಕ್ಸರ್‌ಸೈಸ್ ಕೊಡ್ತೀನಿ. ನೀವು ಸುತ್ತು ಹಾಕಿದ ಬಾಬ್ ಎಲ್ ಮಂದೆಬ್ ಪಕ್ಕದಲ್ಲಿ ಜಿಬೂಟಿ ಅನ್ನೋ ಪುಟ್ಟ ದೇಶ ಇದೆ. ಅಮೆರಿಕ, ಫ್ರಾನ್ಸ್, ಜಪಾನ್, ಇಟಲಿ ಅಲ್ಲಿ ಸೇನಾ ನೆಲೆ ಇಟ್ಕೊಂಡಿವೆ, ಚೀನಾನೂ ವಿದೇಶದ ತನ್ನ ಮೊದಲ ನೆಲೆನ 2017ರಲ್ಲಿ ಅಲ್ಲೇ ಶುರು ಮಾಡ್ತು. ಒಂದೇ ಊರಲ್ಲಿ ಇಷ್ಟೂ ಜನ ಯಾಕೆ ಬಂದು ಕೂತಿದ್ದಾರೆ, ಜಿಬೂಟಿಗೆ ಅದರಿಂದ ಏನು ಸಿಗುತ್ತೆ, ಇಬ್ಬರು ದೊಡ್ಡವರು ಕಿತ್ತಾಡಿದ್ರೆ ಅದರ ಗತಿ ಏನು ಅಂತ ದಾರಿ, ಸಾಮಾನು, ದುಡ್ಡು ಮೂರೂ ಬರೋ ಹಂಗೆ ಎರಡು ಪುಟ ಬರೀರಿ. ಪುಸ್ತಕ ನೋಡದೆ, ಮ್ಯಾಪ್ ಮಾತ್ರ ಮುಂದಿಟ್ಕೊಂಡು.