ಸೆರಾಮಿಕ್ ಕ್ಲಿಪ್ ಬಿಡಿಸುವುದು ಹೇಗೆ: ಪ್ಲೈಯರೋ, ಲೇಸರೋ?

ಹಲ್ಲು ಸರಿಮಾಡಲು ಹಲ್ಲಿಗೆ ಅಂಟಿಸುವ ಕ್ಲಿಪ್ಪಿನ ತುಣುಕೇ ಬ್ರಾಕೆಟ್. ಸ್ಟೀಲ್ ಬ್ರಾಕೆಟ್ ಬಿಡಿಸುವುದು ಸುಲಭ. ಪ್ಲೈಯರ್‌ನಲ್ಲಿ ಅದರ ರೆಕ್ಕೆ ಅಮುಕಿದರೆ ಲೋಹ ಬಾಗಿ ಬುಡ ಬಿಟ್ಟುಕೊಳ್ಳುತ್ತದೆ. ಹಲ್ಲಿನ ಬಣ್ಣದ ಸೆರಾಮಿಕ್ ಬ್ರಾಕೆಟ್ ಅಲ್ಯುಮಿನಾದ್ದು (ಅಲ್ಯುಮಿನಿಯಂ ಆಕ್ಸೈಡ್). ಹಲ್ಲಿನ ಹೊರಪದರವಾದ ಎನಾಮಲ್‌ಗಿಂತ ಗಟ್ಟಿ, ಆದರೆ ಬಾಗುವುದಿಲ್ಲ. ಬಲ ತಪ್ಪಿದರೆ ಒಂದೋ ಅದು ಚೂರಾಗುತ್ತದೆ, ಇಲ್ಲವೇ ಎನಾಮಲ್ ಚಕ್ಕೆ ಎದ್ದು ಬರುತ್ತದೆ. ಬಿರುಕು ಬೀಳಬೇಕಾದ್ದು ಬ್ರಾಕೆಟ್ಟಿಗೂ ಅಂಟಿಗೂ ನಡುವೆ. ಅಂಟು ಹಲ್ಲಿನ ಮೇಲೇ ಉಳಿದರೆ ಒಳ್ಳೆಯ ಲಕ್ಷಣ. ಪೂರ್ತಿ ಅಂಟೂ ಜೊತೆಗೇ ಬಂದಿದ್ದರೆ ಮೊದಲು ಎನಾಮಲ್ ಪರೀಕ್ಷಿಸಿ.

ಶುರುವಿಗೆ ಮುನ್ನ ಹಲ್ಲುಗಳನ್ನು ಒಣಗಿಸಿ, ಬೆಳಕು ಹಾಯಿಸಿ ನೋಡಿ. ಹಳೆಯ ಬಿರುಕು, ದೊಡ್ಡ ಫಿಲ್ಲಿಂಗ್ ಇರುವ ಹಲ್ಲಿನಲ್ಲಿ ಬ್ರಾಕೆಟ್ ಎಳೆಯಲು ಹೋಗಬೇಡಿ. ನೀರು ಬಿಡುತ್ತಾ ಡೈಮಂಡ್ ಬರ್‌ನಿಂದ (ಯಂತ್ರದಲ್ಲಿ ತಿರುಗುವ ಸಣ್ಣ ಉಜ್ಜು ತುದಿ) ಉಜ್ಜಿ ತೆಗೆಯಿರಿ.

ಪ್ಲೈಯರ್ ವಿಧಾನದಲ್ಲಿ ಮೊದಲ ಕೆಲಸ, ಬ್ರಾಕೆಟ್ ಸುತ್ತ ಉಕ್ಕಿ ನಿಂತ ಅಂಟನ್ನು ಬರ್‌ನಿಂದ ಬಿಡಿಸುವುದು. ಇದನ್ನು ಬಿಟ್ಟರೆ ಪ್ಲೈಯರ್ ಅಲಗು ಸರಿಯಾದ ಸಂದಿಗೆ ಕೂರದೆ ಬ್ರಾಕೆಟ್ಟೇ ಒಡೆಯುತ್ತದೆ. ಬ್ರಾಕೆಟ್‌ಗಳನ್ನು ಪೋಣಿಸಿರುವ ತಂತಿ ಹಾಗೇ ಇರಲಿ, ಬಿಟ್ಟ ಬ್ರಾಕೆಟ್ ಗಂಟಲಿಗೆ ಜಾರದು. ರೋಗಿ ಹತ್ತಿಯ ರೋಲ್ ಕಚ್ಚಿಕೊಳ್ಳಲಿ. ಹಲ್ಲು ಅಲುಗದಿದ್ದರೆ ನೋವು ಕಡಿಮೆ. ನಡುವೆ ಉದ್ದ ಸೀಳು ಇರುವ ಬ್ರಾಕೆಟ್ಟನ್ನು ಎಡಬಲದಿಂದ ಅಮುಕಿದರೆ ಮಡಚಿಕೊಂಡು ಬರುತ್ತದೆ. ಉಳಿದವಕ್ಕೆ ತಯಾರಕರು ಹೇಳಿದ ಪ್ಲೈಯರನ್ನೇ ಬಳಸಿ, ಅಲಗನ್ನು ಬುಡದ ಸಂದಿಯಲ್ಲಿಟ್ಟು ನಿಧಾನವಾಗಿ ಒತ್ತಿ. ಎಷ್ಟು ಆತುರವಿದ್ದರೂ ತಿರುಚಬೇಡಿ.

ಲೇಸರ್ ತಾನಾಗಿ ಬ್ರಾಕೆಟ್ ಕೀಳುವುದಿಲ್ಲ, ಅಂಟಿನ ಹಿಡಿತ ಸಡಿಲಿಸುತ್ತದಷ್ಟೇ. ಈ ಕೆಲಸಕ್ಕೆ ಎರ್ಬಿಯಂ ಯಾಗ್ ಲೇಸರ್ ಹೆಚ್ಚು ಒಪ್ಪುತ್ತದೆ: ಅದರ 2940 ನ್ಯಾನೋಮೀಟರ್ ತರಂಗವನ್ನು ಅಂಟಿನಲ್ಲಿರುವ ನೀರಿನಂಶ, ಮಾನೊಮರ್ (ಗಟ್ಟಿಯಾಗದೆ ಉಳಿದ ಅಂಟಿನ ಅಂಶ) ಚೆನ್ನಾಗಿ ಹೀರುತ್ತವೆ. ಇಲ್ಲಿ ತಂತಿಯನ್ನು ಮೊದಲೇ ತೆಗೆಯಬೇಕು, ಲೋಹ ಕಿರಣವನ್ನು ಪ್ರತಿಫಲಿಸುತ್ತದೆ. ತಂತಿ ಇಲ್ಲದಿದ್ದರೆ ಬಿಟ್ಟ ಬ್ರಾಕೆಟ್ ಜಾರಬಹುದು, ಹಾಗಾಗಿ ಗಂಟಲಿಗೆ ಗಾಜ್ ಬಟ್ಟೆ ಅಡ್ಡವಿಡುವುದು ಕಡ್ಡಾಯ. ಆ ತರಂಗಕ್ಕೇ ಹೊಂದುವ ಕನ್ನಡಕ ಕೋಣೆಯಲ್ಲಿರುವ ಎಲ್ಲರಿಗೂ ಬೇಕು. ಸುಮಾರು 4 ವ್ಯಾಟ್, 2 ಮಿ.ಮೀ. ದೂರ, ನೀರಿನ ಸಿಂಪರಣೆ. ತುದಿಯನ್ನು ಒಂದೇ ಕಡೆ ನಿಲ್ಲಿಸದೆ ಬ್ರಾಕೆಟ್ ಮೇಲೆಲ್ಲ 6ರಿಂದ 9 ಸೆಕೆಂಡು ಓಡಾಡಿಸಿ, ಕೂಡಲೇ ಪ್ಲೈಯರ್ ಹಾಕಿ. ನಿಮ್ಮ ಯಂತ್ರದ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ನಿಂತಲ್ಲೇ ನಿಂತ ಕಿರಣ ಹಲ್ಲಿನ ಒಳತಿರುಳನ್ನು ಕಾಯಿಸುತ್ತದೆ; 5.5 ಡಿಗ್ರಿ ಸೆಲ್ಸಿಯಸ್ ಏರಿಕೆಯನ್ನು ಅಪಾಯದ ಗೆರೆ ಎಂದು 1965ರಿಂದಲೂ ಎಣಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಲೇಸರ್‌ನಲ್ಲಿ ಈ ಬಿಸಿಯ ಭಯ ಹೆಚ್ಚು.

ಸುಲಭವಾಗಿ ಒಡೆಯುವ ಏಕಸ್ಫಟಿಕ (ಒಂದೇ ಹರಳಿನ) ಬ್ರಾಕೆಟ್ಟಿಗೆ ಲೇಸರ್ ನಿಜಕ್ಕೂ ಲಾಭ. ಮಡಚುವ ಬ್ರಾಕೆಟ್ಟಿಗೆ ಅಷ್ಟು ದುಬಾರಿ ಯಂತ್ರ ಬೇಕಿಲ್ಲ.

ಕೊನೆಗೆ ಉಳಿದ ಅಂಟು ತೆಗೆಯುವ ಕೆಲಸ ಎರಡೂ ವಿಧಾನದಲ್ಲಿ ತಪ್ಪಿದ್ದಲ್ಲ. 12 ಅಲಗಿನ ಟಂಗ್‌ಸ್ಟನ್ ಕಾರ್ಬೈಡ್ ಬರ್ ಅನ್ನು ಕಡಿಮೆ ವೇಗದಲ್ಲಿ, ಹಗುರ ಕೈಯಿಂದ, ಬಿಟ್ಟುಬಿಟ್ಟು ಆಡಿಸಿ. ಒದ್ದೆಯಾದರೆ ಅಂಟಿನ ಬಣ್ಣವೂ ಹಲ್ಲಿನ ಬಣ್ಣವೂ ಒಂದೇ ಆಗಿ ಕಾಣುತ್ತದೆ, ಆಗಾಗ ಗಾಳಿ ಊದಿ ಒಣಗಿಸಿ ನೋಡಿ. ಆಮೇಲೆ ಪ್ಯೂಮಿಸ್ ಕಲ್ಲಿನ ಪುಡಿ ಹಾಕಿ ಪಾಲಿಶ್. ರಿಟೇನರ್‌ಗೆ (ಸರಿಯಾದ ಹಲ್ಲು ಮತ್ತೆ ಸರಿಯದಂತೆ ಹಿಡಿಯುವ ಸಾಧನ) ಬಾಯಿಯ ಅಚ್ಚು ತೆಗೆಯುವುದಿದ್ದರೆ ಇದಾದ ಮೇಲೆಯೇ. ಅಂಟು ಉಳಿದ ಹಲ್ಲಿನ ಅಚ್ಚಿಗೆ ಮಾಡಿದ ರಿಟೇನರ್ ಸರಿಯಾಗಿ ಕೂರುವುದಿಲ್ಲ.